ಬಾಳೆ ಹೂವಿನ ಪಿಪಿಒ ಅಳತೆ: ಕೆಟೆಕಾಲ್ ಹಾಕುವ ಮೊದಲೇ ಬಣ್ಣ ಬರ್ತಾ ಉಂಟು, ಎಂತ ಮಾಡೋದು?

ಪೂಂಬೆ ಪ್ರಾಜೆಕ್ಟ್

ಎಲ್ಲರಿಗೂ ನಮಸ್ಕಾರ. ಮಂಗಳೂರಿನಲ್ಲಿ ಎಂಎಸ್ಸಿ ಬಯೋಕೆಮಿಸ್ಟ್ರಿ ಕೊನೆಯ ಸೆಮಿಸ್ಟರ್ ಓದುತ್ತಿದ್ದೇನೆ. ಪ್ರಾಜೆಕ್ಟ್ ವಿಷಯ ಅಡುಗೆಮನೆಯದ್ದೇ. ಬಾಳೆ ಹೂ (ನಮ್ಮ ಪೂಂಬೆ), ಗುಜ್ಜೆ (ಎಳೆ ಹಲಸಿನಕಾಯಿ), ಮಟ್ಟು ಗುಳ್ಳ (ಉಡುಪಿ ಕಡೆಯ ಬದನೆ) ಮೂರನ್ನೂ ಹೆಚ್ಚಿಟ್ಟರೆ ಕಪ್ಪಾಗುತ್ತವೆ ಅಲ್ವಾ, ಅದಕ್ಕೆ ಕಾರಣವಾದ ಪಾಲಿಫಿನಾಲ್ ಆಕ್ಸಿಡೇಸ್, ಅಂದರೆ ಪಿಪಿಒ, ಯಾವುದರಲ್ಲಿ ಎಷ್ಟು ಚುರುಕಾಗಿದೆ ಅಂತ ಬಣ್ಣದ ಮೂಲಕ ಅಳೆಯಬೇಕು.

ಬಾಳೆ ಹೂವಿನಲ್ಲೇ ಸಿಕ್ಕಿಬಿದ್ದಿದ್ದೇನೆ. 10 ಗ್ರಾಂ ಹೂವನ್ನು 50 ಮಿ.ಲೀ. ಫಾಸ್ಫೇಟ್ ಬಫರ್ ಹಾಕಿ (ಪಿಎಚ್ 6.8) ಮಿಕ್ಸಿಯಲ್ಲಿ ರುಬ್ಬಿ, ಬಟ್ಟೆಯಲ್ಲಿ ಸೋಸಿ, ಸೆಂಟ್ರಿಫ್ಯೂಜ್ ಮಾಡಿ ಮೇಲಿನ ತಿಳಿ, ಅಂದರೆ ಎಕ್ಸ್‌ಟ್ರ್ಯಾಕ್ಟ್, ತೆಗೆದುಕೊಳ್ಳುತ್ತೇನೆ. ಕ್ಯುವೆಟ್‌ನಲ್ಲಿ (ರೀಡಿಂಗ್ ತೆಗೆಯುವ ಪುಟ್ಟ ಪಾತ್ರೆ) ಎಲ್ಲ ಸೇರಿ ಒಟ್ಟು 3 ಮಿ.ಲೀ. ಪಿಪಿಒ ಕಂದು ಮಾಡುವ ಫಿನಾಲ್ ಆದ ಕೆಟೆಕಾಲನ್ನು ಕೊನೆಗೆ ಸೇರಿಸಿ 5 ನಿಮಿಷ ಬಿಟ್ಟು 420 ನ್ಯಾನೋಮೀಟರ್‌ನಲ್ಲಿ ರೀಡಿಂಗ್.

ತೊಂದರೆ ಎಂತ ಅಂದ್ರೆ, ಕೆಟೆಕಾಲ್ ಹಾಕುವ ಮೊದಲೇ ಎಕ್ಸ್‌ಟ್ರ್ಯಾಕ್ಟ್ ಕಂದು ಬಣ್ಣ. ಇನ್ನೊಂದು, ಎಕ್ಸ್‌ಟ್ರ್ಯಾಕ್ಟ್ 0.05 ಮಿ.ಲೀ. ಹಾಕಿದರೆ 0.62 ಬರುತ್ತದೆ, 0.1 ಹಾಕಿದರೆ 0.84, 0.2 ಹಾಕಿದರೆ 0.91. ಎರಡು ಪಟ್ಟು ಹಾಕಿದರೆ ಎರಡು ಪಟ್ಟು ಬರಬೇಕಲ್ಲ? ಸಾಲದ್ದಕ್ಕೆ ಬೆಳಿಗ್ಗೆ ಒಂದು ನಂಬರ್, ಮಧ್ಯಾಹ್ನ ಇನ್ನೊಂದು ನಂಬರ್. ಸೀನಿಯರ್ ಕೊಟ್ಟ ಪ್ರೋಟೋಕಾಲ್ ಹಾಳೆಯಲ್ಲಿ "5 ನಿಮಿಷಕ್ಕೆ ರೀಡ್ ಮಾಡು" ಅಂತ ಮಾತ್ರ ಇದೆ. ಗೊತ್ತಿದ್ದವರು ಹೇಳಿ.

ಉಡುಪಿ ಲ್ಯಾಬ್ ಟೆಕ್

ಬ್ಲಾಂಕ್‌ಗೆ (ಸೊನ್ನೆ ಹೊಂದಿಸುವ ಟ್ಯೂಬಿಗೆ) ಎಂತ ಇಟ್ಟಿದ್ದೀರಿ? ಸುಮ್ನೆ ಡಿಸ್ಟಿಲ್ಡ್ ವಾಟರಾ?

ಪೂಂಬೆ ಪ್ರಾಜೆಕ್ಟ್

ಹೌದು ಅಣ್ಣ, ಡಿಸ್ಟಿಲ್ಡ್ ವಾಟರ್.

ಉಡುಪಿ ಲ್ಯಾಬ್ ಟೆಕ್

ಹಾಗಾದರೆ ನಿಮ್ಮ 0.62ರಲ್ಲಿ ಎಲ್ಲವೂ ಸೇರಿದೆ. ಎಕ್ಸ್‌ಟ್ರ್ಯಾಕ್ಟಿನ ಸ್ವಂತ ಬಣ್ಣ, ಕೆಟೆಕಾಲ್ ತಾನಾಗಿ ಗಾಳಿಗೆ ಕಂದಾದದ್ದು, ಆಮೇಲೆ ನಿಜವಾಗಿ ಎಂಜೈಮ್ ಮಾಡಿದ ಕೆಲಸ. ಯಾವುದು ಎಷ್ಟು ಅಂತ ಬಿಡಿಸಲು ಕೊನೆಗೆ ಎರಡು ಟ್ಯೂಬಾದರೂ ಬೇರೆ ಬೇಕು. ಒಂದರಲ್ಲಿ ಬಫರ್ ಮತ್ತು ಎಕ್ಸ್‌ಟ್ರ್ಯಾಕ್ಟ್, ಕೆಟೆಕಾಲ್ ಇಲ್ಲ. ಇನ್ನೊಂದರಲ್ಲಿ ಬಫರ್ ಮತ್ತು ಕೆಟೆಕಾಲ್, ಎಕ್ಸ್‌ಟ್ರ್ಯಾಕ್ಟ್ ಇಲ್ಲ. ಕೆಟೆಕಾಲ್ ಅವತ್ತವತ್ತೇ ಕಲಸಿ, ಬಾಟಲಿಗೆ ಫಾಯಿಲ್ ಸುತ್ತಿ ಇಡಿ. ನಿನ್ನೆಯದ್ದು ಬೇಡ.

ನಮ್ಮ ಕಡೆಯ ಉದಾಹರಣೆ ಹೇಳ್ತೇನೆ. ನಾವು ದಿನಾ ಆಲ್ಕಲೈನ್ ಫಾಸ್ಫಟೇಸ್ ಮಾಡ್ತೇವೆ. ಪ್ಯಾರಾ ನೈಟ್ರೋಫಿನೈಲ್ ಫಾಸ್ಫೇಟ್ ಅಂತ ಬಣ್ಣವೇ ಇಲ್ಲದ ವಸ್ತು, ಎಂಜೈಮ್ ಅದರ ಫಾಸ್ಫೇಟನ್ನು ಕತ್ತರಿಸಿದರೆ ನೈಟ್ರೋಫಿನಾಲ್ ಆಗಿ ಹಳದಿ, 405ರಲ್ಲಿ ಓದುವುದು. ಕಾಮಾಲೆ ಆದವರ ಸೀರಮ್ ಬಂದರೆ ಅದೂ ಹಳದಿಯೇ! ಆದರೂ ರಿಪೋರ್ಟ್ ಕೆಡುವುದಿಲ್ಲ. ಯಾಕಂದ್ರೆ ಮಷಿನ್ ಒಂದೇ ರೀಡಿಂಗ್ ತೆಗೆದುಕೊಳ್ಳುವುದಿಲ್ಲ, ನಿಮಿಷಕ್ಕೆ ಎಷ್ಟು ಏರಿತು ಅಂತ ನೋಡುತ್ತದೆ. ಮೊದಲೇ ಇದ್ದ ಹಳದಿ ಏರುವುದೂ ಇಲ್ಲ ಇಳಿಯುವುದೂ ಇಲ್ಲ, ಕಳೆದಾಗ ಹೋಗಿಬಿಡುತ್ತದೆ. ನಿಮ್ಮ ಕಂದು ಬಣ್ಣಕ್ಕೂ ಮುಕ್ಕಾಲು ಪಾಲು ಮದ್ದು ಅದೇ.

ಸುಮ್ನೆ ಓದುವವ

ನಾನು ಕಾಮರ್ಸ್ ಮಾರಾಯ್ರೆ, ಆದರೆ ಒಂದು ಡೌಟು. ಅಮ್ಮ ಪೂಂಬೆ ಹೆಚ್ಚಿ ಮಜ್ಜಿಗೆ ನೀರಿಗೆ ಹಾಕ್ತಾರೆ, ಆಗ ಕಪ್ಪಾಗುವುದಿಲ್ಲ. ಎಂಜೈಮ್ ಸತ್ತೇ ಹೋಗುತ್ತಾ?

ನಿವೃತ್ತ ಬಯೋಕೆಮ್

ಸಾಯುವುದಿಲ್ಲ, ಸುಸ್ತಾಗುತ್ತದೆ. ಈ ಎಂಜೈಮಿಗೆ ಹೆಚ್ಚಿನ ತರಕಾರಿಗಳಲ್ಲಿ ಪಿಎಚ್ 6ರಿಂದ 7ರ ಆಸುಪಾಸು ಹಿತ, ಮಜ್ಜಿಗೆಯ ಹುಳಿಗೆ ಕೆಲಸ ನಿಧಾನವಾಗುತ್ತದೆ. ಜೊತೆಗೆ ನೀರಿನಲ್ಲಿ ಮುಳುಗಿದ್ದರೆ ಗಾಳಿ ಕಡಿಮೆ ಸಿಗುತ್ತದೆ, ಇದಕ್ಕೆ ಆಮ್ಲಜನಕ ಬೇಕೇ ಬೇಕು. ಪೂರ್ತಿ ಕೊಲ್ಲಬೇಕಾದರೆ ಕುದಿಸಬೇಕು.

ಈಗ ಪ್ರಾಜೆಕ್ಟಿನವರಿಗೆ. ನಿಮ್ಮ ಮೂರು ನಂಬರ್ ಪಕ್ಕಪಕ್ಕ ಇಟ್ಟು ನೋಡಿ, ರೋಗ ಅಲ್ಲೇ ಕಾಣುತ್ತದೆ. 0.62, 0.84, 0.91. ಇದು ಮೇಲೆ ಹೋಗಿ ತಲೆ ತಾಗಿ ನಿಂತ ಗ್ರಾಫ್. ಎಂಜೈಮ್ ಎಷ್ಟು ಹಾಕಿದರೂ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತದೆ. ಮಂಗಳೂರಿನಿಂದ ಹೊರಟ ಎಕ್ಸ್‌ಪ್ರೆಸ್ ಬಸ್ಸೂ ಸರ್ವಿಸ್ ಬಸ್ಸೂ ಎರಡೂ ಉಡುಪಿ ಸ್ಟ್ಯಾಂಡಿಗೆ ಬಂದು ನಿಂತ ಮೇಲೆ ಫೋಟೋ ತೆಗೆದರೆ ಯಾವುದು ಜೋರು ಬಂದದ್ದು ಅಂತ ಹೇಳ್ಲಿಕ್ಕೆ ಆಗ್ತದಾ? ನೀವು 5 ನಿಮಿಷಕ್ಕೆ ತೆಗೆಯುತ್ತಿರುವುದು ಆ ಫೋಟೋ.

ಯಾಕೆ ನಿಲ್ಲುತ್ತದೆ? ಕೆಟೆಕಾಲ್ ಬೇಕಾದಷ್ಟು ಇದೆ, ಮುಗಿಯುವುದು ಆಮ್ಲಜನಕ. 30 ಡಿಗ್ರಿಯಲ್ಲಿ ಗಾಳಿಗೆ ತೆರೆದಿಟ್ಟ ನೀರಿನಲ್ಲಿ ಕರಗಿರುವ ಆಮ್ಲಜನಕ ಹೆಚ್ಚೆಂದರೆ 0.24 ಮಿಲಿಮೋಲಾರ್ ಸುತ್ತಮುತ್ತ. ಒಂದು ಆಮ್ಲಜನಕ ಅಣುವಿಗೆ ಎರಡು ಕೆಟೆಕಾಲ್ ಅಣುಗಳು ಕ್ವಿನೋನ್ (ಬಣ್ಣ ಕೊಡುವ ವಸ್ತು) ಆಗುತ್ತವೆ, ಅಂದರೆ ಅರ್ಧ ಮಿಲಿಮೋಲಾರ್ ಕ್ವಿನೋನ್ ಆಗುವಷ್ಟರಲ್ಲಿ ಕ್ಯುವೆಟ್ ಒಳಗಿನ ಸ್ಟಾಕ್ ಖಾಲಿ. ಅದರ ಮೇಲೆ ಪಿಪಿಒಗೆ ಇನ್ನೊಂದು ಕೆಟ್ಟ ಗುಣ ಇದೆ, ಕೆಟೆಕಾಲ್ ಮೇಲೆ ಕೆಲಸ ಮಾಡ್ತಾ ಮಾಡ್ತಾ ತಾನೇ ಕೆಟ್ಟುಹೋಗುತ್ತದೆ. ಹಾಗಾಗಿ ಮೊದಲ ನಿಮಿಷ, ಒಂದೂವರೆ ನಿಮಿಷದ ಲೆಕ್ಕ ಮಾತ್ರ ನಂಬಬಹುದು. ಕೆಟೆಕಾಲ್ ಹಾಕಿ, ಒಮ್ಮೆ ತಲೆಕೆಳಗು ಮಾಡಿ, ಕೂಡಲೇ ಒಳಗಿಟ್ಟು 15 ಸೆಕೆಂಡಿಗೊಮ್ಮೆ ಬರೆದುಕೊಳ್ಳಿ. ಗ್ರಾಫ್ ಹಾಕಿ. ಎಲ್ಲಿಯವರೆಗೆ ಗೆರೆ ನೇರ ಇದೆಯೋ ಅಷ್ಟನ್ನೇ ತೆಗೆದುಕೊಂಡು ನಿಮಿಷಕ್ಕೆ ಎಷ್ಟು ಏರಿತು ನೋಡಿ.

ಆಮೇಲೆ ಎಕ್ಸ್‌ಟ್ರ್ಯಾಕ್ಟ್ ಅರ್ಧ ಮಾಡಿ. ವೇಗವೂ ಅರ್ಧ ಆಗಬೇಕು. ಆಗದಿದ್ದರೆ ಇನ್ನೂ ತೆಳು ಮಾಡಿ. ಈ ಎರಡು ಪರೀಕ್ಷೆ ಪಾಸಾಗದ ನಂಬರನ್ನು ಥೀಸಿಸ್‌ಗೆ ಹಾಕಬೇಡಿ. ಬಣ್ಣ ಚೆನ್ನಾಗಿ ಬಂತು ಅಂತ ಮಕ್ಕಳು ಖುಷಿಪಡ್ತಾರೆ, ಚೆನ್ನಾಗಿ ಬಣ್ಣ ಬಂದರೆ ಎಷ್ಟೋ ಸಲ ತಡವಾಯಿತು ಅಂತಲೇ ಅರ್ಥ.

ಪೂಂಬೆ ಪ್ರಾಜೆಕ್ಟ್

ಸರ್, ಇದು ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ. ಆದರೆ ಕೆಲವು ಎಂಜೈಮಿಗೆ ಪುಸ್ತಕದಲ್ಲೇ 15 ನಿಮಿಷ, 30 ನಿಮಿಷ ಇಟ್ಟು ಆಮೇಲೆ ನಿಲ್ಲಿಸಿ ಓದು ಅಂತ ಇರ್ತದಲ್ಲ, ಅದು ಹೇಗೆ ಸರಿ?

ಉಡುಪಿ ಲ್ಯಾಬ್ ಟೆಕ್

ಅದು ಅನಿವಾರ್ಯಕ್ಕೆ. ನೈಟ್ರೋಫಿನಾಲ್‌ನದ್ದೇ ನೋಡಿ. ಅದು ಹಳದಿ ಕಾಣುವುದು ಕ್ಷಾರದಲ್ಲಿ ಮಾತ್ರ, ಪಿಕೆಎ (ಅರ್ಧದಷ್ಟು ಹಳದಿ ರೂಪಕ್ಕೆ ಬರುವ ಪಿಎಚ್) 7.1ರ ಹತ್ತಿರ. ಆಲ್ಕಲೈನ್ ಫಾಸ್ಫಟೇಸ್ ಚೆನ್ನಾಗಿ ಕೆಲಸ ಮಾಡುವುದೇ ಪಿಎಚ್ 10ರ ಆಸುಪಾಸು, ಹಾಗಾಗಿ ಬಣ್ಣ ಏರುವುದನ್ನು ಕಣ್ಣೆದುರೇ ನೋಡಬಹುದು. ಆಸಿಡ್ ಫಾಸ್ಫಟೇಸ್ ಪಿಎಚ್ 5ರ ಹತ್ತಿರ ಕೆಲಸ ಮಾಡುತ್ತದೆ, ಅಲ್ಲಿ ನೈಟ್ರೋಫಿನಾಲ್ ತಯಾರಾದರೂ ಬಣ್ಣ ಇಲ್ಲ. ಕೊನೆಗೆ ಸೋಡಿಯಂ ಹೈಡ್ರಾಕ್ಸೈಡ್ ಸುರಿದಾಗ ಎಂಜೈಮ್ ನಿಲ್ಲುತ್ತದೆ, ಹಳದಿಯೂ ಕಾಣಿಸಿಕೊಳ್ಳುತ್ತದೆ. ಒಂದೇ ಏಟಿಗೆ ಎರಡೂ. ಅಂಥದ್ದರಲ್ಲಿ 5, 10, 20 ನಿಮಿಷಕ್ಕೆ ಬೇರೆ ಬೇರೆ ಟ್ಯೂಬ್ ನಿಲ್ಲಿಸಿ ಗೆರೆ ನೇರ ಇದೆಯಾ ಅಂತ ಒಮ್ಮೆ ನೋಡಿಕೊಳ್ಳಬೇಕು. ನೇರ ಇದ್ದರೆ ಆಮೇಲೆ ಒಂದೇ ಟೈಮಿಗೆ ಓದಿದರೂ ಅಡ್ಡಿಯಿಲ್ಲ.

ಇಲ್ಲಿ ಮಳೆಗಾಲದಲ್ಲಿ ಸೋಡಿಯಂ ಹೈಡ್ರಾಕ್ಸೈಡ್ ತೂಗುವುದೇ ಒಂದು ಗೋಳು. ಮುಚ್ಚಳ ತೆಗೆದು ತಕ್ಕಡಿಗೆ ಹಾಕುವಷ್ಟರಲ್ಲಿ ಹರಳೆಲ್ಲ ಒದ್ದೆ ಒದ್ದೆ. ತೂಕದಲ್ಲಿ ಅರ್ಧ ನೀರೇ ಇರ್ತದೋ ಏನೋ ಅನಿಸುತ್ತದೆ.

ಮಲ್ಪೆ ಬಂದರು

ಮಳೆಗಾಲ ಅಂದದ್ದಕ್ಕೆ ನೆನಪಾಯಿತು. ಪ್ರಾಜೆಕ್ಟ್ ಅಕ್ಕ, ಬಫರನ್ನು ಐಸಿನಿಂದ ತೆಗೆದು ನೇರ ಕ್ಯುವೆಟ್‌ಗೆ ಹಾಕುತ್ತೀರಾ? ನಮ್ಮ ಊರಿನ ಗಾಳಿಯಲ್ಲಿ ಇರುವ ತೇವಕ್ಕೆ ತಣ್ಣಗಿನ ಕ್ಯುವೆಟ್ ಹೊರಗೆ ಕೂಡಲೇ ಮಂಜು ಹಿಡಿಯುತ್ತದೆ. ಬರಿಗಣ್ಣಿಗೆ ಕಾಣದಷ್ಟು ತೆಳು ಇದ್ದರೂ ರೀಡಿಂಗ್ ಏರುತ್ತದೆ, ಆಮೇಲೆ ಬಿಸಿಯಾಗ್ತಾ ಇಳಿಯುತ್ತದೆ. ಬೆಂಗಳೂರಲ್ಲಿ ಬರೆದ ಪ್ರೋಟೋಕಾಲ್‌ನಲ್ಲಿ ಇದೆಲ್ಲ ಇರುವುದಿಲ್ಲ. ಎಂಜೈಮ್ ಐಸಿನಲ್ಲಿರಲಿ, ಬಫರ್ ಮತ್ತು ಕೆಟೆಕಾಲ್ ವಾಟರ್ ಬಾತ್‌ನಲ್ಲಿ 30 ಡಿಗ್ರಿಯಲ್ಲಿರಲಿ. ಕ್ಯುವೆಟ್ ಒರೆಸಿಯೇ ಒಳಗಿಡಿ.

ಬೆಳಿಗ್ಗೆ ಮಧ್ಯಾಹ್ನದ ವ್ಯತ್ಯಾಸಕ್ಕೂ ಅರ್ಧ ಉತ್ತರ ಇಲ್ಲೇ ಇದೆ. ರೂಮ್ ಟೆಂಪರೇಚರ್ ಅಂತ ಪುಸ್ತಕ ಬರೆದವರು 25 ಡಿಗ್ರಿ ಅಂದುಕೊಂಡಿರ್ತಾರೆ. ಮಾರ್ಚ್ ಮಧ್ಯಾಹ್ನ ಫ್ಯಾನ್ ಮಾತ್ರ ಇರುವ ಲ್ಯಾಬ್‌ನಲ್ಲಿ ಕೂತು ನೋಡಿ!

ನಾನು ಮೀನಿನ ಕರುಳಿನ ಪ್ರೋಟಿಯೇಸ್ ಮಾಡುತ್ತೇನೆ. ಕೇಸೀನ್ ಕೊಟ್ಟು, ಟ್ರೈಕ್ಲೋರೋ ಅಸಿಟಿಕ್ ಆಸಿಡ್ ಹಾಕಿ ಜೀರ್ಣವಾಗದೆ ಉಳಿದದ್ದನ್ನು ಕೆಳಗೆ ಕೂರಿಸಿ, ಮೇಲಿನ ತಿಳಿಯಲ್ಲಿ ಟೈರೋಸಿನ್ ಎಷ್ಟು ಅಂತ ಫೋಲಿನ್ ರೀಏಜೆಂಟಿನ ನೀಲಿಯಲ್ಲಿ ಓದುವುದು. ಬಂಗುಡೆ ಹೇಗೋ ಆಗುತ್ತದೆ. ಬೂತಾಯಿ (ಸಾರ್ಡೀನ್) ಮೀನಿನದ್ದೇ ಕಷ್ಟ, ಅದರ ಎಣ್ಣೆಗೆ ಎಲ್ಲವೂ ಮಸುಕು. ಮಸುಕು ಬೆಳಕನ್ನು ಹೀರುವುದಿಲ್ಲ, ಚದುರಿಸುತ್ತದೆ, ಆದರೆ ಮಷಿನ್‌ಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ, ಎರಡನ್ನೂ ಸೇರಿಸಿಯೇ ಬರೆಯುತ್ತದೆ. ನಿಮ್ಮ ಎಕ್ಸ್‌ಟ್ರ್ಯಾಕ್ಟ್ ತಿಳಿಯಾಗಿದೆಯಾ ಅಂತ 700ರಲ್ಲಿ ಒಮ್ಮೆ ಓದಿ. ಅಲ್ಲಿ ನಿಮ್ಮ ಕಂದು ಬಣ್ಣ ಅಷ್ಟೇನೂ ಹೀರುವುದಿಲ್ಲ. ಆದರೂ ದೊಡ್ಡ ನಂಬರ್ ಬಂದರೆ ಅದು ಮಸುಕು, ಇನ್ನೊಮ್ಮೆ ಸೆಂಟ್ರಿಫ್ಯೂಜ್ ಮಾಡಿ.

ಪಿಯು ಮೇಡಂ, ಕಾರ್ಕಳ

ಒಳ್ಳೆ ಚರ್ಚೆ. ನಮ್ಮಲ್ಲಿ ಸ್ಪೆಕ್ಟ್ರೋಫೋಟೋಮೀಟರ್ ಇಲ್ಲ, ಫಿಲ್ಟರ್ ಹಾಕುವ ಹಳೆಯ ಕಲರಿಮೀಟರ್ ಒಂದಿದೆ. ಹೆಸರು ಮೊಳಕೆಯ ಅಮೈಲೇಸನ್ನು ಮಕ್ಕಳಿಗೆ ಡಿಎನ್ಎಸ್ ವಿಧಾನದಲ್ಲಿ ತೋರಿಸುತ್ತೇವೆ. ಪಿಷ್ಟದಿಂದ ಬಿಡುಗಡೆಯಾದ ಸಕ್ಕರೆ ಡೈನೈಟ್ರೋ ಸ್ಯಾಲಿಸಿಲಿಕ್ ಆಮ್ಲವನ್ನು ಕೆಂಪು ಕಿತ್ತಳೆ ಮಾಡುತ್ತದೆ, ಹಸಿರು ಫಿಲ್ಟರ್, 540. ಬಣ್ಣ ಕೆಂಪಾಗಿದ್ದಕ್ಕೆ ಕೆಂಪು ಫಿಲ್ಟರ್ ಹಾಕುವ ಮಕ್ಕಳು ಪ್ರತಿ ಬ್ಯಾಚಿನಲ್ಲೂ ಇರ್ತಾರೆ. ದ್ರಾವಣ ಹೀರುವ ಬಣ್ಣದ ಫಿಲ್ಟರ್ ಹಾಕಬೇಕು ಅಂತ ಹೇಳಿ ಹೇಳಿ ಸಾಕಾಗಿದೆ.

ನನ್ನ ಪ್ರಶ್ನೆ: ಮೊಬೈಲ್ ಕ್ಯಾಮೆರಾದಲ್ಲಿ ಫೋಟೋ ತೆಗೆದು ಬಣ್ಣದಿಂದ ಲೆಕ್ಕ ಹಾಕಬಹುದಾ? ಕರೆಂಟ್ ಇಲ್ಲದಾಗಲೂ ಆಗುತ್ತದಲ್ಲ.

ಮಲ್ಪೆ ಬಂದರು

ಆಗುತ್ತದೆ ಮೇಡಂ, ಆದರೆ ಕ್ಯಾಮೆರಾ ಬಲು ಬುದ್ಧಿವಂತ, ಅದೇ ತೊಂದರೆ. ಪ್ರತಿ ಫೋಟೋಕ್ಕೂ ಬೆಳಕು, ಬಿಳಿ ಬಣ್ಣ ಎಲ್ಲ ತಾನೇ ಸರಿಮಾಡಿಕೊಳ್ಳುತ್ತದೆ. ಎಕ್ಸ್‌ಪೋಷರ್ ಮತ್ತು ವೈಟ್ ಬ್ಯಾಲೆನ್ಸ್ ಲಾಕ್ ಮಾಡಿ, ರಟ್ಟಿನ ಪೆಟ್ಟಿಗೆಯೊಳಗೆ ಒಂದೇ ಬಲ್ಬ್ ಇಟ್ಟು, ಸ್ಟ್ಯಾಂಡರ್ಡ್ ಟ್ಯೂಬ್‌ಗಳನ್ನೂ ಸ್ಯಾಂಪಲನ್ನೂ ಒಂದೇ ಫೋಟೋದಲ್ಲಿ ತೆಗೆಯಿರಿ. ಡಿಎನ್ಎಸ್‌ಗೆ ಹಸಿರು ಚಾನೆಲ್, ಹಳದಿ ಬಣ್ಣಕ್ಕೆ ನೀಲಿ ಚಾನೆಲ್ ನೋಡಬೇಕು. ಮಕ್ಕಳಿಗೆ ಕಲಿಸಲು ಧಾರಾಳ ಸಾಕು, ರಿಪೋರ್ಟ್ ಬರೆಯಲು ಸಾಲದು.

ನಿವೃತ್ತ ಬಯೋಕೆಮ್

ಮೇಡಂ, ಡಿಎನ್ಎಸ್‌ನಲ್ಲಿ ಮೊಳಕೆಯ ಸ್ವಂತ ಸಕ್ಕರೆಯನ್ನು ಮರೆಯಬೇಡಿ. ಝೀರೋ ಟೈಮ್ ಟ್ಯೂಬ್ ಇಡಲೇಬೇಕು. ಅದರಲ್ಲಿ ಮೊದಲು ಡಿಎನ್ಎಸ್, ಆಮೇಲೆ ಎಂಜೈಮ್. ರೀಏಜೆಂಟಿನ ಕ್ಷಾರಕ್ಕೆ ಎಂಜೈಮ್ ಅಲ್ಲೇ ನಿಂತುಬಿಡುತ್ತದೆ, ಉಳಿದ ಬಣ್ಣವೆಲ್ಲ ಮೊದಲೇ ಇದ್ದ ಸಕ್ಕರೆಯದ್ದು. ಕುದಿಸುವ ಸಮಯ ಎಲ್ಲ ಟ್ಯೂಬಿಗೂ ಒಂದೇ ಇರಲಿ. 1959ರಲ್ಲಿ ಮಿಲ್ಲರ್ ಬರೆದ ಪಾಕದಲ್ಲಿ ಫಿನಾಲ್ ಇದೆ, ಮಕ್ಕಳ ಕೈಗೆ ಕೊಡಬೇಡಿ, ನೀವೇ ಕಲಸಿಡಿ.

ಈ ಫಾಸ್ಫಟೇಸ್ ಮಾತು ಬಂದಾಗಲೆಲ್ಲ ನನಗೆ ಯಲ್ಲಾಪ್ರಗಡ ಸುಬ್ಬರಾವ್ ನೆನಪಾಗುತ್ತಾರೆ. 1925ರಲ್ಲಿ ಹಾರ್ವರ್ಡ್‌ನಲ್ಲಿ ಫಿಸ್ಕೆ ಜೊತೆ ಸೇರಿ ಫಾಸ್ಫೇಟ್ ಅಳೆಯುವ ವಿಧಾನ ಪ್ರಕಟಿಸಿದರು. ಮಾಲಿಬ್ಡೇಟ್ ಹಾಕಿದರೆ ಫಾಸ್ಫೇಟ್ ಅದರೊಂದಿಗೆ ಸೇರುತ್ತದೆ, ಅಪಕರ್ಷಿಸಿದರೆ ಕಡುನೀಲಿ. ನಾವು ಓದುವಾಗ ಫಿಸ್ಕೆ-ಸುಬ್ಬರಾವ್ ಇಲ್ಲದೆ ಪ್ರಾಕ್ಟಿಕಲ್ ಪರೀಕ್ಷೆಯೇ ಇರಲಿಲ್ಲ. ಫಾಸ್ಫೇಟ್ ಬಿಡಿಸುವ ಯಾವ ಎಂಜೈಮಿಗೂ ಇದು ಬರುತ್ತದೆ, ಆದರೆ ಆಗ ನಿಮ್ಮ ಬಫರ್ ಫಾಸ್ಫೇಟ್ ಆಗಿರಬಾರದು! ಇಡೀ ಟ್ಯೂಬ್ ನೀಲಿಯಾಗಿ ಕೂರುತ್ತದೆ. ಆಲ್ಕಲೈನ್ ಫಾಸ್ಫಟೇಸಿಗಂತೂ ಫಾಸ್ಫೇಟ್ ತಾನೇ ಅಡ್ಡಗಾಲು ಹಾಕುತ್ತದೆ.

ಉಡುಪಿ ಲ್ಯಾಬ್ ಟೆಕ್

ಹಾಗೆಯೇ ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಕಳಿಸಿದರೂ ನಾವು ವಾಪಸ್ ಕಳಿಸ್ತೇವೆ ಸರ್. ಅದರಲ್ಲಿರುವ ಇಡಿಟಿಎ ಈ ಎಂಜೈಮಿನ ಜಿಂಕ್, ಮೆಗ್ನೀಸಿಯಂ ಎರಡನ್ನೂ ಹಿಡಿದುಕೊಳ್ಳುತ್ತದೆ. ರಿಪೋರ್ಟ್ ತೀರಾ ಕಡಿಮೆ ಬರುತ್ತದೆ, ಡಾಕ್ಟರು ಫೋನ್ ಮಾಡ್ತಾರೆ.

ಪೂಂಬೆ ಪ್ರಾಜೆಕ್ಟ್

ಎಲ್ಲರಿಗೂ ಥ್ಯಾಂಕ್ಸ್. ಯೂನಿಟ್ ಬಗ್ಗೆಯೂ ಹೇಳಿ. ಒಂದು ಪೇಪರಿನಲ್ಲಿ ನಿಮಿಷಕ್ಕೆ 0.001 ಏರಿದರೆ ಒಂದು ಯೂನಿಟ್ ಅಂತಾರೆ, ಇನ್ನೊಂದರಲ್ಲಿ ಮೈಕ್ರೋಮೋಲ್ ಅಂತಾರೆ. ಒಬ್ಬರ ಬಾಳೆ ಹೂ ಸಾವಿರಗಟ್ಟಲೆ, ಇನ್ನೊಬ್ಬರದ್ದು ಬರೀ 2.

ನಿವೃತ್ತ ಬಯೋಕೆಮ್

ಎರಡೂ ಬೇರೆ ಬೇರೆ ಅಳತೆ, ಹೋಲಿಸಲೇಬಾರದು. ನಿಜವಾದ ಯೂನಿಟ್ ಅಂದರೆ ನಿಮಿಷಕ್ಕೆ ಒಂದು ಮೈಕ್ರೋಮೋಲ್. ಕಟಾಲ್ ಅಂತ ಇನ್ನೊಂದು ಇದೆ, ಸೆಕೆಂಡಿಗೆ ಒಂದು ಮೋಲ್, 1999ರಲ್ಲಿ ಅಂತರರಾಷ್ಟ್ರೀಯ ಮಾನಗಳ ಸಾಲಿಗೆ ಸೇರಿತು. ತೀರಾ ದೊಡ್ಡದು, ಲ್ಯಾಬ್‌ನಲ್ಲಿ ಯಾರೂ ಪೂರ್ತಿ ಕಟಾಲ್ ನೋಡುವುದಿಲ್ಲ.

ಮೈಕ್ರೋಮೋಲ್‌ಗೆ ಹೋಗಲು ಆ ಬಣ್ಣದ ಎಕ್ಸ್‌ಟಿಂಕ್ಷನ್ ಗುಣಾಂಕ, ಅಂದರೆ ಇಷ್ಟು ವಸ್ತುವಿಗೆ ಇಷ್ಟು ರೀಡಿಂಗ್ ಅನ್ನುವ ಸಂಖ್ಯೆ, ಗೊತ್ತಿರಬೇಕು. ಟೆಕ್ ಅವರ ನೈಟ್ರೋಫಿನಾಲ್‌ನಲ್ಲಿ ಲೆಕ್ಕ ಸಲೀಸು. ಅದಕ್ಕೆ ಮಿಲಿಮೋಲಾರ್‌ಗೆ ಸುಮಾರು 18.5. ನಿಮಿಷಕ್ಕೆ 0.074 ಏರಿತು ಅಂತಿಟ್ಟುಕೊಳ್ಳಿ. 18.5ರಿಂದ ಭಾಗಿಸಿದರೆ 0.004 ಮಿಲಿಮೋಲಾರ್, ಅಂದರೆ ಒಂದು ಮಿ.ಲೀ.ಗೆ 0.004 ಮೈಕ್ರೋಮೋಲ್. ಒಟ್ಟು 3 ಮಿ.ಲೀ. ಇದ್ದರೆ 0.012. ಅದನ್ನು ಮಾಡಿದ್ದು 0.05 ಮಿ.ಲೀ. ಸೀರಮ್, ಹಾಗಾದರೆ ಮಿ.ಲೀ.ಗೆ 0.24 ಯೂನಿಟ್, ಲೀಟರಿಗೆ 240. ಅಷ್ಟೇ. ಒಟ್ಟು ಪ್ರಮಾಣದಿಂದ ಗುಣಿಸುವುದು, ಸ್ಯಾಂಪಲ್ ಪ್ರಮಾಣದಿಂದ ಭಾಗಿಸುವುದು, ಈ ಎರಡರಲ್ಲೇ ವೈವಾದಲ್ಲಿ ಅರ್ಧ ಕ್ಲಾಸ್ ಮುಗ್ಗರಿಸುತ್ತದೆ.

ಪಿಪಿಒಗೆ ಇದು ಅಷ್ಟು ಸುಲಭ ಇಲ್ಲ. ಕ್ವಿನೋನ್ ಒಂದು ಕಡೆ ನಿಲ್ಲುವ ಜಾತಿಯಲ್ಲ, ತಮ್ಮತಮ್ಮಲ್ಲೇ ಸೇರಿ ಕಂದು ಮುದ್ದೆಯಾಗುತ್ತಾ ಹೋಗುತ್ತದೆ, ನೀವು 420ರಲ್ಲಿ ನೋಡುವುದು ಆ ಮಿಶ್ರಣ. ಅದಕ್ಕೇ ಜನ 0.001ರ ಯೂನಿಟ್ ಇಟ್ಟುಕೊಂಡಿದ್ದಾರೆ. ನಿಮ್ಮದೇ ಮೂರು ತರಕಾರಿ ಹೋಲಿಸಲು ಅದು ಸಾಕು, ಆದರೆ ಕೆಟೆಕಾಲ್ ಎಷ್ಟು, ಪಿಎಚ್ ಎಷ್ಟು, ಉಷ್ಣತೆ ಎಷ್ಟು, ಒಟ್ಟು ಎಷ್ಟು ಮಿ.ಲೀ. ಅಂತ ಪಕ್ಕದಲ್ಲೇ ಬರೆಯಿರಿ.

ಮಿಲಿಗ್ರಾಂ ಪ್ರೋಟೀನಿಗೆ ಎಷ್ಟು ಅಂತಲೂ ಕೊಡಬೇಕು, ಗ್ರಾಂ ತರಕಾರಿಗೆ ಮಾತ್ರ ಕೊಟ್ಟರೆ ಗುಳ್ಳದ ನೀರಿನಂಶ ಎಲ್ಲ ಗಲಿಬಿಲಿ ಮಾಡುತ್ತದೆ. ಆದರೆ ಪ್ರೋಟೀನ್ ಅಳೆಯಲು ಲೌರಿ ವಿಧಾನ ಬೇಡ. ಅದರ ಫೋಲಿನ್ ರೀಏಜೆಂಟ್ ಫಿನಾಲ್ ಕಂಡರೆ ನೀಲಿಯಾಗುತ್ತದೆ, ಬಾಳೆ ಹೂವಿನಲ್ಲಿ ಇರುವುದೇ ಫಿನಾಲ್. ಬ್ರಾಡ್‌ಫೋರ್ಡ್ ಮಾಡಿ, 595.

ಇನ್ನು ಮೂಲ ರೋಗ. ಎಕ್ಸ್‌ಟ್ರ್ಯಾಕ್ಟ್ ಕಂದಾಗುವುದು ಮಿಕ್ಸಿಯಲ್ಲೇ. ಕೋಶ ಒಡೆದಾಗ ಎಂಜೈಮೂ ಫಿನಾಲೂ ಗಾಳಿಯೂ ಒಟ್ಟಾಗುತ್ತವೆ, ಆದ ಕ್ವಿನೋನ್ ಎಂಜೈಮಿಗೇ ಅಂಟಿ ಅದನ್ನು ಹಾಳುಮಾಡುತ್ತದೆ. ಅಂದರೆ ಬ್ಲಾಂಕ್ ಕಳೆದರೂ ಹೋದ ಎಂಜೈಮ್ ವಾಪಸ್ ಬರುವುದಿಲ್ಲ. ಟೆಕ್ ಅವರು ಮುಕ್ಕಾಲು ಮದ್ದು ಅಂದದ್ದು ಸರಿ, ಉಳಿದ ಕಾಲು ಇದು. ರುಬ್ಬುವ ಬಫರ್ ಐಸ್ ತಣ್ಣಗಿರಲಿ, ಕರಗದ ಜಾತಿಯ ಪಿವಿಪಿ ಪುಡಿ ಹಾಕಿ ರುಬ್ಬಿ, ಅದು ಫಿನಾಲ್ ಹಿಡಿದುಕೊಂಡು ಕೆಳಗೆ ಕೂರುತ್ತದೆ. ವಿಟಮಿನ್ ಸಿ ಹಾಕು ಅಂತ ಯಾರಾದರೂ ಹೇಳಬಹುದು. ಬಣ್ಣ ಬರುವುದಿಲ್ಲ ನಿಜ, ಆದರೆ ಅದು ಕ್ವಿನೋನನ್ನು ವಾಪಸ್ ಕೆಟೆಕಾಲ್ ಮಾಡುತ್ತಾ ಇರುತ್ತದೆ, ಅಳೆಯುವಾಗ ಸ್ವಲ್ಪ ಹೊತ್ತು ರೀಡಿಂಗೇ ಏರುವುದಿಲ್ಲ. ಡಯಾಲಿಸಿಸ್ ಮಾಡಿ (ಪೊರೆಯ ಚೀಲದಲ್ಲಿಟ್ಟು ಸಣ್ಣ ಅಣುಗಳನ್ನು ಹೊರಬಿಟ್ಟು) ತೆಗೆಯುವುದಾದರೆ ಮಾತ್ರ ಹಾಕಿ.

ಪೂಂಬೆ ಪ್ರಾಜೆಕ್ಟ್

ಅಪ್‌ಡೇಟ್. ತಣ್ಣಗಿನ ಬಫರ್, ಪಿವಿಪಿ, ವಾಟರ್ ಬಾತ್ 30 ಡಿಗ್ರಿ, 15 ಸೆಕೆಂಡಿಗೊಮ್ಮೆ ರೀಡಿಂಗ್. ಎಕ್ಸ್‌ಟ್ರ್ಯಾಕ್ಟ್ ಈಗ ತೆಳು ಹಳದಿ. ಹತ್ತು ಪಟ್ಟು ತೆಳು ಮಾಡಿ 0.05 ಮಿ.ಲೀ. ಹಾಕಿದರೆ ನಿಮಿಷಕ್ಕೆ 0.051, 0.1 ಹಾಕಿದರೆ 0.104, 0.2 ಹಾಕಿದರೆ 0.198. ಗೆರೆ ಒಂದೂವರೆ ನಿಮಿಷದವರೆಗೆ ನೇರ, ಆಮೇಲೆ ಬಾಗುತ್ತದೆ. ಕುದಿಸಿದ ಎಕ್ಸ್‌ಟ್ರ್ಯಾಕ್ಟ್ ಹಾಕಿದರೆ 0.002. ಸಂಜೆ ಮಾಡಿದರೂ ಅದೇ ಬಂತು!

ಸುಮ್ನೆ ಓದುವವ

ನನಗೆ ಅರ್ಥವಾಗಿದ್ದು ಕಡಿಮೆ, ಆದರೂ ಖುಷಿಯಾಯಿತು.

ಉಡುಪಿ ಲ್ಯಾಬ್ ಟೆಕ್

ಚಂದ ಬಂದಿದೆ. ಒಂದು ಸಂಶಯ ಮಾತ್ರ ಉಳಿಸಿಕೊಳ್ಳಿ. ಪೆರಾಕ್ಸಿಡೇಸ್ ಕೂಡ ಫಿನಾಲನ್ನು ಕಂದು ಮಾಡುತ್ತದೆ, ಹೈಡ್ರೋಜನ್ ಪೆರಾಕ್ಸೈಡ್ ಸ್ವಲ್ಪ ಇದ್ದರೆ ಸಾಕು. ಒಂದು ಟ್ಯೂಬಿಗೆ ಆ ಪೆರಾಕ್ಸೈಡನ್ನು ಒಡೆಯುವ ಕ್ಯಾಟಲೇಸ್ ಹಾಕಿ ನೋಡಿ, ವೇಗ ಇಳಿಯದಿದ್ದರೆ ನಿಮ್ಮದು ಪಿಪಿಒ ಅನ್ನಲು ಧೈರ್ಯ ಬರುತ್ತದೆ. ಎಕ್ಸ್‌ಟರ್ನಲ್ ಎಕ್ಸಾಮಿನರ್ ಇದನ್ನು ಖಂಡಿತ ಕೇಳ್ತಾರೆ.

ಪೂಂಬೆ ಪ್ರಾಜೆಕ್ಟ್

ಮಾಡ್ತೇನೆ ಅಣ್ಣ. ಈಗ ಗುಜ್ಜೆಗೆ ಬಂದರೆ ಮೇಣದ ಕಾಟ. ಚಾಕು, ಮಿಕ್ಸಿ, ಟ್ಯೂಬ್ ಎಲ್ಲ ಅಂಟು. ಮನೆಯಲ್ಲಿ ಮಾಡುವ ಹಾಗೆ ತೆಂಗಿನೆಣ್ಣೆ ಸವರಲಾ?

ಮಲ್ಪೆ ಬಂದರು

ಕೈಗೂ ಚಾಕುವಿಗೂ ಹೊರಸಿಪ್ಪೆ ತೆಗೆಯುವವರೆಗೆ ಮಾತ್ರ. ಆಮೇಲೆ ತುಂಡನ್ನು ತೊಳೆದು ಒರೆಸಿ, ಚಾಕು ಬದಲಿಸಿ. ಎಣ್ಣೆ ಒಳಗೆ ಹೋದರೆ ನನ್ನ ಬೂತಾಯಿ ಕತೆಯೇ ನಿಮ್ಮದೂ. ಸೆಂಟ್ರಿಫ್ಯೂಜ್ ಆದ ಮೇಲೆ ಮೇಲ್ಗಡೆ ಬಿಳಿ ಪದರ ನಿಂತರೆ ಅದನ್ನು ಕದಡದೆ ಪಿಪೆಟ್ ಬದಿಯಿಂದ ಇಳಿಸಿ ನಡುವಿನ ತಿಳಿ ಎಳೆಯಿರಿ.

ನಿವೃತ್ತ ಬಯೋಕೆಮ್

ಗುಜ್ಜೆಗೆ ಅಸಿಟೋನ್ ಪೌಡರ್ ಒಳ್ಳೆಯದು. ಮೈನಸ್ 20ರ ಅಸಿಟೋನ್‌ನಲ್ಲಿ ಅರೆದು, ಸೋಸಿ, ಮತ್ತೆ ಅಸಿಟೋನ್ ಸುರಿದು, ಒಣಗಿಸಿದರೆ ಬಿಳಿ ಪುಡಿ ಸಿಗುತ್ತದೆ. ಫಿನಾಲೂ ಕೊಬ್ಬೂ ಅಸಿಟೋನ್ ಜೊತೆ ಹೋಗುತ್ತವೆ, ಎಂಜೈಮ್ ಪುಡಿಯಲ್ಲಿ ಉಳಿಯುತ್ತದೆ. ಅದನ್ನು ಬೇಕಾದಾಗ ಬಫರಿನಲ್ಲಿ ಕಲಸಿ ಸೆಂಟ್ರಿಫ್ಯೂಜ್ ಮಾಡಿದರಾಯಿತು. ಆದರೆ ಮಿಕ್ಸಿಯಲ್ಲಿ ಅಸಿಟೋನ್ ಹಾಕಬೇಡಿ ಮಾರಾಯ್ತಿ, ಮೋಟಾರಿನ ಕಿಡಿಗೆ ಬೆಂಕಿ ಹಿಡಿಯುತ್ತದೆ. ಪಿಂಗಾಣಿ ಮಾರ್ಟರಿನಲ್ಲೇ ಅರೆಯಿರಿ, ಫ್ಯೂಮ್ ಹುಡ್ ಒಳಗೆ. ಮನೆಯ ಫ್ರಿಜ್ಜಿನಲ್ಲೂ ಇಡಬಾರದು, ಅದರೊಳಗೂ ಕಿಡಿ ಬರುತ್ತದೆ.

ಉಡುಪಿ ಲ್ಯಾಬ್ ಟೆಕ್

ಮತ್ತೆ ಪ್ಲಾಸ್ಟಿಕ್ ಕ್ಯುವೆಟ್ ಇದ್ದರೆ ಅದನ್ನು ಅಸಿಟೋನ್‌ನಲ್ಲಿ ತೊಳೆಯಬೇಡಿ. ಪಾಲಿಸ್ಟೈರೀನ್ ಕರಗಿ ಮಬ್ಬಾಗುತ್ತದೆ. ಕೆಟೆಕಾಲ್ ಕಲೆ ಹಿಡಿಯದ ಹಾಗೆ ರೀಡಿಂಗ್ ಆದ ಕೂಡಲೇ ನೀರಿನಲ್ಲಿ ತೊಳೆದರೆ ಸಾಕು.